ನಾಲ್ಕರ ಜಾಗದಲ್ಲಿ ಒಂದು ಕಾರ್ಬ್ಯುರೇಟರ್: ಹಳೆಯ ಗೋಲ್ಡ್ ವಿಂಗ್‌ನ ಮಾರ್ಪಾಡಿನ ವಿಮರ್ಶೆ

ಹೋಂಡಾ ಕಂಪನಿ ಗೋಲ್ಡ್ ವಿಂಗ್ ಜಿಎಲ್ 1000 ಮೋಟಾರ್‌ಸೈಕಲ್ಲನ್ನು 1974ರಲ್ಲಿ ಜರ್ಮನಿಯ ಕೊಲೋನ್ ನಗರದ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಮರುವರ್ಷ ಅದು ಮಾರಾಟಕ್ಕೆ ಬಂತು. ದೂರ ಪ್ರಯಾಣಕ್ಕೆ ಹೆಸರಾದ ಈ ಗಾಡಿಯನ್ನು ಅಮೆರಿಕ, ಯುರೋಪುಗಳಲ್ಲಿ ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರಿದ್ದಾರೆ. ಅವರಲ್ಲಿ ಕೆಲವರು ಮಾಡುವ ಒಂದು ಮಾರ್ಪಾಡು ಇಲ್ಲಿ ನಮ್ಮ ವಿಷಯ. ಎಂಜಿನ್ನಿನ ನಾಲ್ಕು ಕಾರ್ಬ್ಯುರೇಟರ್‌ಗಳನ್ನು ಬಿಚ್ಚಿ ತೆಗೆಯುತ್ತಾರೆ. ಕೊಳವೆಗಳನ್ನು ಕತ್ತರಿಸಿ, ಬೆಸುಗೆ ಹಾಕಿ ಹೊಸದೊಂದು ಮ್ಯಾನಿಫೋಲ್ಡ್ ತಯಾರಿಸುತ್ತಾರೆ. ಅದರ ನಡುವೆ ಒಂದೇ ಒಂದು ಕಾರ್ಬ್ಯುರೇಟರ್ ಕೂರಿಸುತ್ತಾರೆ. ಹಲವರ ಆಯ್ಕೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸೋಲೆಕ್ಸ್ 34 ಪಿಕ್ಟ್-3. ಇನ್ನು ಕೆಲವರದು ವೆಬರ್ 32/36.

ಮಾಡಿದವರು ಹೇಳುವುದು ಹೀಗೆ: ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಪೆಟ್ರೋಲ್ ಉಳಿಯುತ್ತದೆ, ನಾಲ್ಕನ್ನೂ ಹೊಂದಿಸುವ ತಲೆನೋವು ತಪ್ಪಿತು. ಒಪ್ಪದವರು ಹೇಳುವುದು: ನಾಲ್ಕು ಮೂಗಿನಿಂದ ಉಸಿರಾಡುತ್ತಿದ್ದ ಎಂಜಿನ್ನಿಗೆ ಒಂದೇ ಮೂಗು ಉಳಿಸಿದರೆ ಕಾಲು ಭಾಗ ಗಾಳಿಯಷ್ಟೇ ಸಿಗುತ್ತದೆ. ಇಬ್ಬರೂ ನೋಡುತ್ತಿರುವುದು ಕಾರ್ಬ್ಯುರೇಟರನ್ನು. ತೊಡಕಿರುವುದು ಅದರ ಕೆಳಗಿನ ಕೊಳವೆಯಲ್ಲಿ.

ನಮ್ಮ ದೇಶದಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಿಂದ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಗಿದೆ. ಆದರೂ ಬರ್ನೂಲಿ ತತ್ತ್ವವನ್ನು ಕೈಯಲ್ಲಿ ಹಿಡಿದು ತೋರಿಸಲು ಇಷ್ಟು ಅಗ್ಗದ ಉಪಕರಣ ಇನ್ನೊಂದಿಲ್ಲ. ಗುಜರಿ ಅಂಗಡಿಯಲ್ಲಿ ಈಗಲೂ ಸಿಗುತ್ತದೆ.

ಮೊದಲು 'ಕಾಲು ಭಾಗ ಗಾಳಿ' ಎಂಬ ಆಕ್ಷೇಪಣೆಯನ್ನು ನೋಡೋಣ. ಜಿಎಲ್ 1000ರದು 999 ಘನ ಸೆಂ.ಮೀ. ಗಾತ್ರದ, ನೀರಿನಿಂದ ತಣಿಯುವ ಎಂಜಿನ್. ನಾಲ್ಕು ಸಿಲಿಂಡರ್‌ಗಳು ಎಡಕ್ಕೆರಡು, ಬಲಕ್ಕೆರಡು ಮಲಗಿವೆ. ಮೊದಲ ವರ್ಷಗಳ ಗಾಡಿಗಳಲ್ಲಿ ಪ್ರತಿ ಸಿಲಿಂಡರಿಗೂ 32 ಮಿ.ಮೀ. ಕೊರೆತದ ಒಂದೊಂದು ಕೈಹಿನ್ ಕಾರ್ಬ್ಯುರೇಟರ್ ಇತ್ತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಗಾಳಿ ಎಳೆಯುವುದು ಎರಡು ಸುತ್ತಿಗೊಮ್ಮೆ, ಸುಮಾರು ಅರ್ಧ ಸುತ್ತಿನ ಅವಧಿಯಲ್ಲಿ. ಉಳಿದ ಒಂದೂವರೆ ಸುತ್ತು ಅದರ ಕಾರ್ಬ್ಯುರೇಟರ್ ಸುಮ್ಮನಿರುತ್ತದೆ. ನಾಲ್ಕು ಸಿಲಿಂಡರ್‌ಗಳು ಸರದಿಯಂತೆ ಎಳೆಯುವುದರಿಂದ ಒಂದು ಗಳಿಗೆಯಲ್ಲಿ ಕೆಲಸ ಮಾಡುತ್ತಿರುವುದು ಮುಖ್ಯವಾಗಿ ಒಂದೇ ಕಾರ್ಬ್ಯುರೇಟರ್. ಕವಾಟಗಳು ಅರ್ಧ ಸುತ್ತಿಗಿಂತ ತುಸು ಹೆಚ್ಚು ಹೊತ್ತು ತೆರೆದಿರುತ್ತವೆ ನಿಜ. ಆದರೆ ಲೆಕ್ಕದ ತಿರುಳು ಅದರಿಂದ ಬದಲಾಗದು. ಒಂದೇ ಬಾವಿಯಿಂದ ನಾಲ್ಕು ಮನೆಯವರು ಸರದಿಯಲ್ಲಿ ನೀರು ಸೇದಿದರೆ ಒಂದು ರಾಟೆ, ಒಂದು ಹಗ್ಗ ಸಾಕಲ್ಲವೆ?

ಅಂಕಿಗಳಲ್ಲಿ ನೋಡಿ. ನಿಮಿಷಕ್ಕೆ 7000 ಸುತ್ತಿನಲ್ಲಿ ಅರ್ಧ ಸುತ್ತಿಗೆ 4.3 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ 250 ಘನ ಸೆಂ.ಮೀ. ಗಾಳಿ ಒಳಗೆ ಹೋಗಬೇಕು. ಸಿಲಿಂಡರ್ ಪೂರ್ತಿ ತುಂಬುತ್ತದೆಂದು ಹಿಡಿದರೆ ಸರಾಸರಿ ಹರಿವು ಸೆಕೆಂಡಿಗೆ 58 ಲೀಟರ್. ಕಾರ್ಬ್ಯುರೇಟರ್ ನಾಲ್ಕಿರಲಿ, ಒಂದಿರಲಿ, ಗಾಳಿ ಎಳೆಯುವ ಹೊತ್ತಿನಲ್ಲಿ ಈ ಹರಿವು ಅಷ್ಟೇ. 32 ಮಿ.ಮೀ. ಕೊರೆತದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 72 ಮೀಟರ್. ಸೋಲೆಕ್ಸ್ 34ರ ಹೆಸರಿನಲ್ಲಿ 34 ಇದ್ದರೂ ಅದರ ವೆಂಚುರಿಯ ಕುತ್ತಿಗೆ 26 ಮಿ.ಮೀ. ಮಾತ್ರ, ಅಲ್ಲಿ ವೇಗ 110 ಮೀಟರಿಗೆ ಏರುತ್ತದೆ. ಒತ್ತಡದ ಇಳಿಕೆ ವೇಗದ ವರ್ಗಕ್ಕೆ ಅನುಪಾತವಾಗಿರುವುದರಿಂದ ಮೊದಲನೆಯದರಲ್ಲಿ ಸುಮಾರು 3,100 ಪ್ಯಾಸ್ಕಲ್, ಎರಡನೆಯದರಲ್ಲಿ 7,200 ಪ್ಯಾಸ್ಕಲ್. ವಾಯುಮಂಡಲದ ಒತ್ತಡದಲ್ಲಿ ಇವು ಕ್ರಮವಾಗಿ ಶೇ. 3 ಮತ್ತು ಶೇ. 7. ಕುತ್ತಿಗೆಯ ನಂತರ ಕೊಳವೆ ಅಗಲವಾಗುವಾಗ ಇದರಲ್ಲಿ ಒಂದು ಪಾಲು ಮರಳಿ ಬರುತ್ತದೆ ಕೂಡ.

ಅಂದರೆ ನಷ್ಟವಿದೆ, ಆದರೆ ಮುಕ್ಕಾಲು ಪಾಲಿನ ನಷ್ಟವಲ್ಲ. ಹೆದ್ದಾರಿಯಲ್ಲಿ ಗಾಡಿ 3500 ಸುತ್ತಿನಲ್ಲಿ ಓಡುವಾಗ ವೇಗ ಅರ್ಧವಾಗಿ ಒತ್ತಡದ ಇಳಿಕೆ ಕಾಲು ಭಾಗವಾಗುತ್ತದೆ: ಥ್ರಾಟಲ್ ಪೂರ್ತಿ ತೆರೆದಿದ್ದರೂ 1,800 ಪ್ಯಾಸ್ಕಲ್. ಸವಾರನಿಗೆ ಅದು ತಿಳಿಯುವುದೇ ಇಲ್ಲ. ಉಸಿರು ಕಟ್ಟುತ್ತದೆ ಎನ್ನುವವರ ವಾದ ಇಲ್ಲಿಗೆ ಬಿದ್ದುಹೋಯಿತು ಎನ್ನಬೇಕು.

ಇದೇ ತರ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. 1584 ಘನ ಸೆಂ.ಮೀ. ಕಾರಿಗೆ ಮಾಡಿದ ಜೆಟ್ 999ರ ಬೈಕಿಗೆ ದೊಡ್ಡದಾಗುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ವೆಂಚುರಿಯಲ್ಲಿ ಗಾಳಿಯ ಹರಿವು ಒತ್ತಡ ವ್ಯತ್ಯಾಸದ ವರ್ಗಮೂಲಕ್ಕೆ ಅನುಪಾತ, ಜೆಟ್‌ನಲ್ಲಿ ಪೆಟ್ರೋಲಿನ ಹರಿವೂ ಅದೇ ವರ್ಗಮೂಲಕ್ಕೆ ಅನುಪಾತ. ಆದ್ದರಿಂದ ಅವುಗಳ ನಡುವಿನ ಪ್ರಮಾಣ ಎಂಜಿನ್ನಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸದು. ಬೀಟಲ್ ಕಾರಿನ ಜೆಟ್ ಬಹುಪಾಲು ಹಾಗೆಯೇ ಹೊಂದಿಕೊಳ್ಳುವುದಕ್ಕೆ ಕಾರಣ ಇದೇ.

ಇಷ್ಟಾದ ಮೇಲೆ ಮಾಡಿದವರ ಪಕ್ಷ ಗೆದ್ದಿತೆ? ಇಲ್ಲ. ಕಾರ್ಬ್ಯುರೇಟರ್ ಮಾಡುವುದು ಅಳೆಯುವ ಕೆಲಸ. ಹಂಚುವ ಕೆಲಸ ಮ್ಯಾನಿಫೋಲ್ಡಿನದು. ನಾಲ್ಕು ಕಾರ್ಬ್ಯುರೇಟರ್‌ಗಳಿದ್ದಾಗ ಅಳೆದದ್ದು ನೇರವಾಗಿ ಆಯಾ ಸಿಲಿಂಡರಿನ ಬಾಯಿಗೆ ಬೀಳುತ್ತಿತ್ತು, ಹಂಚುವ ಪ್ರಶ್ನೆಯೇ ಇರಲಿಲ್ಲ. ಒಂದಾದಾಗ ಅಳತೆ ಸರಿಯಿದ್ದೂ ಪಂಕ್ತಿಯಲ್ಲಿ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಬಡಿಸುವ ಸಂಭವ ಹುಟ್ಟುತ್ತದೆ.

ಬಡಿಸಬೇಕಾದದ್ದು ಅನಿಲವಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಕಾರ್ಬ್ಯುರೇಟರಿನಿಂದ ಹೊರಬೀಳುವ ಪೆಟ್ರೋಲಿನಲ್ಲಿ ಒಂದು ಪಾಲು ಆವಿ, ಒಂದು ಪಾಲು ಸಣ್ಣ ಹನಿ, ಮತ್ತೊಂದು ಪಾಲು ಕೊಳವೆಯ ಗೋಡೆಗೆ ಅಂಟಿ ನಿಧಾನವಾಗಿ ಹರಿಯುವ ಪದರ. ತಿರುವಿನಲ್ಲಿ ಗಾಳಿ ತಿರುಗುತ್ತದೆ. ಭಾರದ ಹನಿ ತನ್ನ ಜಡತ್ವದಿಂದ ನೇರ ಹೋಗಿ ಗೋಡೆಗೆ ಬಡಿಯುತ್ತದೆ. ಗೋಡೆಯ ಪದರವಂತೂ ಗುರುತ್ವಕ್ಕೂ, ಬೆಸುಗೆಯ ಒಳಗಂಟಿಗೂ ಮಣಿದು ಹರಿಯುತ್ತದೆ. ಹೊರಗಿನಿಂದ ಕನ್ನಡಿಯಂತೆ ಉಜ್ಜಿ ಹೊಳೆಯಿಸಿದ ಮ್ಯಾನಿಫೋಲ್ಡಿನ ಒಳಗೆ ಬೆಸುಗೆಯ ಗಂಟು ಹಾಗೇ ಉಳಿದಿದ್ದರೆ ಆ ಹೊಳಪಿನಿಂದ ಎಂಜಿನ್ನಿಗೇನು ಬಂತು!

ಎಂಜಿನ್ನಿನ ರಚನೆಯಲ್ಲೇ ಇನ್ನೊಂದು ತೊಡಕು ಅಡಗಿದೆ. ಇಂಥ ಬಾಕ್ಸರ್ ಎಂಜಿನ್ನಿನಲ್ಲಿ ಎದುರುಬದುರಿನ ಎರಡು ಪಿಸ್ಟನ್‌ಗಳು ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಚಲಿಸುತ್ತವೆ. ಮುಂದಿನ ಜೋಡಿ ಹೊರಗಿದ್ದಾಗ ಹಿಂದಿನ ಜೋಡಿ ಒಳಗೆ. ಅರ್ಧ ಸುತ್ತಿಗೊಂದು ಸಿಲಿಂಡರ್ ಗಾಳಿ ಎಳೆಯಬೇಕಾದರೆ ಸರದಿ ಮುಂದಿನ ಜೋಡಿಯಲ್ಲೊಂದು, ಹಿಂದಿನದರಲ್ಲೊಂದು, ಮತ್ತೆ ಮುಂದಿನದರಲ್ಲಿ ಉಳಿದದ್ದು, ಹಿಂದಿನದರಲ್ಲಿ ಉಳಿದದ್ದು ಎಂದೇ ಬರಬೇಕು. ಕಾಗದದ ಮೇಲೆ ಬರೆದು ನೋಡಿ. ಹೇಗೆ ಜೋಡಿಸಿದರೂ ಎಡ, ಬಲ, ಎಡ, ಬಲ ಎಂಬ ಕ್ರಮ ಸಾಧ್ಯವಿಲ್ಲ. ಬಲ, ಬಲ, ಎಡ, ಎಡ ಎಂದೇ ಬರುತ್ತದೆ. ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ತೋಳಿರುವ ಮ್ಯಾನಿಫೋಲ್ಡಿನಲ್ಲಿ ಪ್ರತಿ ತೋಳೂ ಬೆನ್ನುಬೆನ್ನಿಗೆ ಎರಡು ಗುಟುಕು ಕೊಟ್ಟು ಆಮೇಲೆ ಒಂದು ಸುತ್ತು ಸುಮ್ಮನಿರುತ್ತದೆ. ಮೊದಲ ಗುಟುಕು ನಿಂತ ಗಾಳಿಯನ್ನು ಎಬ್ಬಿಸಿ ಎಳೆಯಬೇಕು. ಎರಡನೆಯದಕ್ಕೆ ಓಡುತ್ತಿರುವ ಗಾಳಿ ಸಿಗುತ್ತದೆ. ಇಬ್ಬರಿಗೂ ಬಡಿಸಿದ್ದು ಒಂದೇ ಆಗಲಾರದು.

ಗೋಲ್ಡ್ ವಿಂಗ್ ಮಾರ್ಪಡಿಸುವವರು ಬೀಟಲ್ ಕಾರಿನಿಂದ ಕಾರ್ಬ್ಯುರೇಟರ್ ತಂದರಲ್ಲ, ಪಾಠವನ್ನೂ ಅಲ್ಲಿಂದಲೇ ತರಬಹುದಿತ್ತು. ಬೀಟಲ್ ಎಂಜಿನ್ ಕೂಡ ನಾಲ್ಕು ಸಿಲಿಂಡರಿನ ಬಾಕ್ಸರ್. ನಡುವೆ ಒಂದು ಕಾರ್ಬ್ಯುರೇಟರ್, ಎರಡು ಉದ್ದ ತೋಳು. ಅದೇ ರೋಗ, ಅದೇ ದೇಹ. ಅದರ ಮ್ಯಾನಿಫೋಲ್ಡಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೊಳವೆ ಹಾದುಹೋಗುತ್ತದೆ. ಅದರಲ್ಲಿ ಹರಿಯುವುದು ಎಂಜಿನ್ ಹೊರಬಿಟ್ಟ ಬಿಸಿ ಹೊಗೆ. ಏಕೆ? 1 ಕಿಲೋಗ್ರಾಂ ಪೆಟ್ರೋಲ್ ಆವಿಯಾಗಲು ಸುಮಾರು 350 ಕಿಲೋಜೌಲ್ ಗುಪ್ತೋಷ್ಣ ಬೇಕು. ಅದರ ಜೊತೆ ಸಾಗುವ 14.7 ಕಿಲೋಗ್ರಾಂ ಗಾಳಿಯೇ ಅಷ್ಟನ್ನೂ ಕೊಡಬೇಕಾದರೆ ಅದರ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೊರಗೆ 15 ಡಿಗ್ರಿಯ ತೇವದ ಬೆಳಗಾಗಿದ್ದರೆ ಥ್ರಾಟಲ್ ತಟ್ಟೆಯ ಮೇಲೆ ಮಂಜುಗಡ್ಡೆ ಕಟ್ಟಬಹುದು. ಮಂಜು ಕಟ್ಟದಿದ್ದರೂ ತಣ್ಣನೆಯ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗದೆ ಪದರವಾಗಿ ಉಳಿಯುತ್ತದೆ. ಬಿಸಿ ಹೊಗೆಯ ಕೊಳವೆ ಈ ಎರಡಕ್ಕೂ ಮದ್ದು.

ಗೋಲ್ಡ್ ವಿಂಗ್‌ನಲ್ಲಿ ಹೊಗೆಯೂ ಬೇಕಿಲ್ಲ, ರೇಡಿಯೇಟರಿನ ಬಿಸಿನೀರು ಪಕ್ಕದಲ್ಲೇ ಇದೆ. ಕಾರ್ಬ್ಯುರೇಟರ್ ಕೂರುವ ನಡುಪೆಟ್ಟಿಗೆಯ ತಳಕ್ಕೆ ಒಂದು ಜೋಡುಗೋಡೆ ಬೆಸೆದು ನೀರು ಹರಿಸಿದರಾಯಿತು. ಬಲ್ಲವರು ಇದನ್ನು ಮಾಡಿದ್ದಾರೆ, ಮತ್ತು ಆ ಕೆಲಸ ನಿಜಕ್ಕೂ ಮೆಚ್ಚುವಂಥದು. ಇದನ್ನು ಬಿಟ್ಟು ಬರಿಯ ಕೊಳವೆ ಬೆಸೆದವರ ಗಾಡಿ ಬೇಸಗೆಯ ಮಧ್ಯಾಹ್ನ ಚೆನ್ನಾಗಿ ಓಡುತ್ತದೆ. ಆ ಮಧ್ಯಾಹ್ನವನ್ನೇ ಅವರು ಪ್ರಮಾಣವಾಗಿ ಮುಂದಿಡುತ್ತಾರೆ.

ಬಡಿಸುವಲ್ಲಿ ಥ್ರಾಟಲ್ ತಟ್ಟೆಯ ದಿಕ್ಕೂ ಮುಖ್ಯ. ಅರ್ಧ ತೆರೆದ ತಟ್ಟೆ ಓರೆಯಾಗಿ ನಿಂತು ಮಿಶ್ರಣವನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಅದರ ಅಚ್ಚು ಎಡದಿಂದ ಬಲಕ್ಕೆ ಇದ್ದರೆ ಆ ತಳ್ಳಾಟ ಹಿಂದೆ ಮುಂದೆ ಆಗಿ ಎರಡೂ ತೋಳಿಗೆ ಸಮ. ಅಚ್ಚನ್ನು ಗಾಡಿಯ ಉದ್ದಕ್ಕೆ ಇಟ್ಟರೆ ಒಂದು ತೋಳಿಗೆ ಹಬ್ಬ, ಇನ್ನೊಂದಕ್ಕೆ ಉಪವಾಸ. ವೆಬರ್ 32/36ರಲ್ಲಿ ಎರಡು ಕೊರೆತಗಳಿವೆ, ಒಂದು ಮೊದಲು ತೆರೆಯುತ್ತದೆ, ಇನ್ನೊಂದು ಆಮೇಲೆ. ಮೇಲಿನ ವೇಗದಲ್ಲಿ ಉಸಿರಿನ ಕೊರತೆ ಇದರಿಂದ ನೀಗುತ್ತದೆ. ಆದರೆ ಮೊದಲು ತೆರೆಯುವ ಕೊರೆತ ಒಂದು ತೋಳಿಗೆ ಹತ್ತಿರವಾದರೆ ಅದೇ ಪಕ್ಷಪಾತ ಮರಳಿ ಬರುತ್ತದೆ.

ಜೋಡಣೆಯಲ್ಲಿ ರಬ್ಬರ್ ತುಂಡುಗಳ ಬಗ್ಗೆ ಒಂದು ಮಾತು, ರಸಾಯನ ವಿಜ್ಞಾನದ ಅಧ್ಯಾಪಕರಿಗಾಗಿ. ಕೊಳವೆಗಳ ನಡುವೆ ರೇಡಿಯೇಟರ್ ಹೋಸಿನ ತುಂಡು ಹಾಕುವವರಿದ್ದಾರೆ. ಈ ಹೋಸ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದು. ಅದರ ಅಣುಗಳಿಗೂ ಪೆಟ್ರೋಲಿನ ಅಣುಗಳಿಗೂ ಧ್ರುವೀಯತೆ ಇಲ್ಲ. ಸಜಾತೀಯವಾದ್ದರಿಂದ ರಬ್ಬರು ಪೆಟ್ರೋಲನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರಿನಲ್ಲಿ ಧ್ರುವೀಯ ಗುಂಪುಗಳಿರುವುದರಿಂದ ಅದು ತಡೆದುಕೊಳ್ಳುತ್ತದೆ. ಉಬ್ಬಿದ ತುಂಡು ಸಡಿಲಾಗಿ ಗಾಳಿ ಸೋರಿದರೆ ಆ ಬದಿಯ ಸಿಲಿಂಡರ್‌ಗಳ ಮಿಶ್ರಣ ದುರ್ಬಲವಾಗುತ್ತದೆ. ಪೆಟ್ರೋಲ್ ಸೋರಿದರೆ ಕೆಳಗಿರುವುದು ಕಾದ ಎಂಜಿನ್.

ಇನ್ನು ಮೈಲೇಜಿನ ಮಾತು. ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಈ ಗಾಡಿಗಳ ನಾಲ್ಕು ಕಾರ್ಬ್ಯುರೇಟರ್‌ಗಳಿಗೆ ಈಗ ನಲವತ್ತೈದು ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಸಣ್ಣ ರಂಧ್ರಗಳಲ್ಲಿ ಒಣಗಿದ ಪೆಟ್ರೋಲಿನ ಅಂಟು, ಗಟ್ಟಿಯಾದ ರಬ್ಬರ್ ಉಂಗುರ, ಸವೆದ ಸೂಜಿ. ಅವನ್ನು ತೆಗೆದು ಹೊಸದೊಂದನ್ನು ಹಾಕಿದಾಗ ಗಾಡಿ ಸುಧಾರಿಸಿದರೆ, ಸುಧಾರಿಸಿದ್ದು ನಾಲ್ಕು ಒಂದಾದದ್ದರಿಂದಲೋ ಹಳೆಯದು ಹೊಸದಾದದ್ದರಿಂದಲೋ? ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿ ಫಲವನ್ನು ಒಂದರ ಹೆಸರಿಗೆ ಬರೆಯುವುದನ್ನು ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯಲ್ಲೂ ಒಪ್ಪುವುದಿಲ್ಲ. ಹೋಲಿಸಬೇಕಾದದ್ದು ಶುಚಿ ಮಾಡಿ ಹೊಂದಿಸಿದ ನಾಲ್ಕನ್ನು ಹೊಸ ಒಂದರ ಜೊತೆಗೆ. ಅದೇ ರಸ್ತೆ, ಎರಡೂ ದಿಕ್ಕು, ಅಳೆದ ಪೆಟ್ರೋಲ್. ಮಾರ್ಪಾಡು ಮಾಡಿದವರ ವಿವರಣೆಗಳಲ್ಲಿ ಬೆಸುಗೆಯ ಬಗ್ಗೆ ಪುಟಗಟ್ಟಲೆ ಇರುತ್ತದೆ. ಇಂಥ ಹೋಲಿಕೆ ಅಪರೂಪ.

ಕೆಲವರು ಹೊಗೆಕೊಳವೆಗೆ ಆಮ್ಲಜನಕ ಸಂವೇದಕ ಹಾಕಿ ಮೀಟರಿನಲ್ಲಿ 14.7 ತೋರಿಸುತ್ತದೆ, ಇನ್ನೇನು ಬೇಕು ಎನ್ನುತ್ತಾರೆ. ನಾಲ್ಕೂ ಸಿಲಿಂಡರಿನ ಹೊಗೆ ಸೇರುವ ಜಾಗದಲ್ಲಿ ಸಂವೇದಕ ಇದ್ದರೆ ಅದು ಹೇಳುವುದು ಸರಾಸರಿಯನ್ನು. ಎರಡು ಸಿಲಿಂಡರಿಗೆ 13:1, ಇನ್ನೆರಡಕ್ಕೆ 17:1 ಹೋಗುತ್ತಿದೆ ಎನ್ನೋಣ. ಗಾಳಿ ಸಮನಾಗಿದ್ದರೆ ಒಟ್ಟು ಪ್ರಮಾಣ ಎಷ್ಟು? 13 ಮತ್ತು 17ರ ಹರಾತ್ಮಕ ಸರಾಸರಿ, ಅಂದರೆ 14.7! ಮೀಟರು ನಗುತ್ತಿರುತ್ತದೆ. ಎರಡು ಸಿಲಿಂಡರ್ ಪೆಟ್ರೋಲ್ ಹಾಳು ಮಾಡುತ್ತಿರುತ್ತವೆ. ಇನ್ನೆರಡು ತಡವರಿಸುತ್ತವೆ, ಭಾರ ಹೊತ್ತು ಏರು ಹತ್ತುವಾಗ ಅವುಗಳ ಹೊರಕವಾಟಗಳು ಸುಡುವ ಅಪಾಯವೂ ಇದೆ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ಹೋಲಿಸುವುದು, ನಾಲ್ಕು ಹೊಗೆಕೊಳವೆಯ ಬುಡದಲ್ಲಿ ಬೇರೆಬೇರೆಯಾಗಿ ಉಷ್ಣತೆ ಅಳೆಯುವುದು, ಇವು ಹಳೆಯ ವಿಧಾನಗಳಾದರೂ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ವ್ಯತ್ಯಾಸ ಕಂಡರೆ ತಿರುಗಿಸಲು ತಿರುಪೇ ಇಲ್ಲ, ಕೊಳವೆಯನ್ನೇ ಮತ್ತೆ ಕತ್ತರಿಸಬೇಕು. ನಾಲ್ಕಿದ್ದಾಗ ಒಂದೊಂದಕ್ಕೂ ಒಂದು ತಿರುಪಿತ್ತು ಎಂಬುದನ್ನು ತಲೆನೋವೆಂದು ಬಣ್ಣಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೋಂಡಾ ಕಂಪನಿಯೇ ಮುಂದೆ ಕಾರ್ಬ್ಯುರೇಟರ್‌ಗಳ ಸಂಖ್ಯೆ ಇಳಿಸಿತು. 1988ರ ಜಿಎಲ್ 1500ರಲ್ಲಿ ಆರು ಸಿಲಿಂಡರಿಗೆ 36 ಮಿ.ಮೀ.ನ ಎರಡೇ ಕಾರ್ಬ್ಯುರೇಟರ್‌ಗಳಿದ್ದವು. 2001ರ ಜಿಎಲ್ 1800ರಲ್ಲಿ ಇಂಧನ ಸಿಂಪಡಿಕೆ ಬಂದು ಮತ್ತೆ ಪ್ರತಿ ಸಿಲಿಂಡರಿಗೂ ಅದರದೇ ಪಾಲು ಅಳೆದು ಕೊಡುವಂತಾಯಿತು. ಹಂಚಿ ಬಡಿಸುವ ಮ್ಯಾನಿಫೋಲ್ಡ್ ಅಸಾಧ್ಯವಲ್ಲ, ಆದರೆ ಅದಕ್ಕೆ ಆ ಎಂಜಿನ್ನಿಗೆಂದೇ ರೂಪಿಸಿದ ಕೊಳವೆ ಬೇಕು. ಗ್ಯಾರೇಜಿನಲ್ಲೂ ಅದು ಸಾಧ್ಯ: ತಳಕ್ಕೆ ಬಿಸಿನೀರು ಕೊಟ್ಟು, ನಾಲ್ಕು ತೋಳುಗಳನ್ನು ಒಳಗಿನಿಂದ ನಯಗೊಳಿಸಿ, ಒಂದೊಂದು ಸಿಲಿಂಡರನ್ನೂ ಬೇರೆಯಾಗಿ ಅಳೆಯುವ ತಾಳ್ಮೆ ಇದ್ದರೆ. ಅಂಥವರು ಸಾಮಾನ್ಯವಾಗಿ ಗಾಡಿಯ ಚೌಕಟ್ಟನ್ನಾಗಲಿ, ಟ್ಯಾಂಕಿನಂತೆ ಕಾಣುವ ಮೇಲಿನ ಹೊದಿಕೆಯನ್ನಾಗಲಿ ಕತ್ತರಿಸುವುದಿಲ್ಲ. ಬಿಚ್ಚಿದ ನಾಲ್ಕು ಕಾರ್ಬ್ಯುರೇಟರ್‌ಗಳನ್ನು ಎಣ್ಣೆ ಸವರಿ, ಪೆಟ್ಟಿಗೆಯಲ್ಲಿಟ್ಟು ಕಪಾಟಿನಲ್ಲಿ ಜೋಪಾನ ಮಾಡಿರುತ್ತಾರೆ. ಅವನ್ನು ಮಾರಿಬಿಟ್ಟವರಿಗೆ ಎರಡನ್ನೂ ಅದೇ ಗಾಡಿಗೆ ಹಾಕಿ ಹೋಲಿಸಿ ನೋಡುವ ದಾರಿ ಉಳಿದಿಲ್ಲ.