ಇಂಗ್ಲಿಷ್ ಉಪಾಧ್ಯಾಯನೂ 'ಇಂಗ್ಲಿಷ್ ಗೀತೆಗಳೂ'

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಸೀಮೆಯ ತರುಣನೊಬ್ಬನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನಾಗಬೇಕೆಂದು ಸಂಕಲ್ಪಿಸಿದರೆ, ಅವನು ನಡೆಯಬೇಕಾದ ದಾರಿಯು ಗೊತ್ತಾದುದೇ ಆಗಿದೆ. ಮೊದಲು ಪದವಿ, ಅಲ್ಲಿ ಷೇಕ್ಸ್‌ಪಿಯರನಿಂದ ಮೊದಲ್ಗೊಂಡು ಒಂದಿಷ್ಟು ಸಾಹಿತ್ಯ. ಬಳಿಕ ಬಿ. ಎಡ್. ವ್ಯಾಸಂಗ, ಇದು 2015ರಲ್ಲಿ ಒಂದು ವರ್ಷದಿಂದ ಎರಡು ವರ್ಷಗಳಿಗೆ ಏರಿತು. ಅಲ್ಲಿ ಬೋಧನಕ್ರಮ, ಪಾಠಯೋಜನೆ, ಅಭ್ಯಾಸಪಾಠ. ಕಡೆಗೆ ನೇಮಕದ ಪರೀಕ್ಷೆ. 1953ರ ವರೆಗೆ ಈ ತಾಲ್ಲೂಕುಗಳು ಮದರಾಸಿನ ಆಡಳಿತಕ್ಕೆ ಸೇರಿದ್ದಾಗ, ಎಲ್. ಟಿ. ಪದವಿಗಾಗಿ ಸೈದಾಪೇಟೆಗೆ ಹೋಗಿಬರುತ್ತಿದ್ದವರ ಸಿದ್ಧತೆಯೂ ಬಹುಮಟ್ಟಿಗೆ ಇಂತಹದೇ. ಸಾಹಿತ್ಯ ಹೇಳುವವರು ಕನ್ನಡದ ಮಾತೆತ್ತುವುದಿಲ್ಲ. ಬೋಧನಕ್ರಮ ಹೇಳುವವರು ಕನ್ನಡವನ್ನು ತರಗತಿಯ ಬಾಗಿಲಲ್ಲಿ ಬಿಟ್ಟು ಬರಬೇಕೆನ್ನುವರು. ಎರಡು ಭಾಷೆಗಳು ಒಂದನ್ನೊಂದು ತಾಗುವ ಸ್ಥಳದಲ್ಲಿಯೇ ವಿದ್ಯಾರ್ಥಿಯು ಎಡವುತ್ತಾನೆ. ಆ ಸ್ಥಳವನ್ನು ತೋರಿಸಿಕೊಡುವವರು ಯಾರೂ ಇಲ್ಲ.

ಅದನ್ನು ತೋರಿಸಿಕೊಡುವ ಪುಸ್ತಕವೊಂದಿದೆ. ಅದು ಮೇಲಿನ ಯಾವ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ಕಾಣದು. ಅದು ಶ್ರೀ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತೆಗಳು'. 1926ರಲ್ಲಿ ಹೊರಬಂದ ಈ ಸಂಕಲನವನ್ನು ನವೋದಯಕಾವ್ಯದ ಹೆಬ್ಬಾಗಿಲೆಂದು ವಿಮರ್ಶಕರು ಹೊಗಳಿರುವರು; ಅದು ನ್ಯಾಯವೇ. ಆದರೆ ಅದನ್ನು ಬರೆದವರು ಇಂಗ್ಲಿಷ್ ಅಧ್ಯಾಪಕರೆಂಬುದನ್ನು ಎಲ್ಲರೂ ಹೇಳಿ, ಅದರಿಂದ ಇಂಗ್ಲಿಷ್ ಅಧ್ಯಾಪಕನಾಗುವವನಿಗೆ ಏನು ಲಾಭವೆಂದು ಕೇಳದೆ ಬಿಟ್ಟಿರುವರು.

ಇದಕ್ಕೆ ಒಂದೇ ಗೀತೆ ಸಾಕು. ತಾಮಸ್ ನ್ಯಾಷನ ವಸಂತದ ಹಾಡು ಪಾಲ್‌ಗ್ರೇವ್ ಪಂಡಿತನು 1861ರಲ್ಲಿ ಪ್ರಕಟಿಸಿದ 'ಗೋಲ್ಡನ್ ಟ್ರೆಷರಿ'ಯ ಮೊದಲನೆಯ ಕವನ. ಅದರ ಮೊದಲ ಪದ್ಯದಲ್ಲಿ ಆರು ಕಡೆ ಒಂದೇ ಅಂತ್ಯಪ್ರಾಸ ಬರುವುದು. ಶ್ರೀಕಂಠಯ್ಯನವರು ಕನ್ನಡದಲ್ಲಿಯೂ ಆರನ್ನೂ ಉಳಿಸಿಕೊಂಡಿರುವರು. ಚಮತ್ಕಾರವೆಂದು ಇಷ್ಟಕ್ಕೇ ತಲೆದೂಗಿ ಮುಂದೆ ಹೋಗುವುದು ವಾಡಿಕೆ. ಕೊಂಚ ನಿಂತು ನೋಡಬೇಕು. ಇಂಗ್ಲಿಷಿನ ಆರು ಪ್ರಾಸಪದಗಳಲ್ಲಿ ನಾಲ್ಕು ನಾಮಪದಗಳು. ಕನ್ನಡದಲ್ಲಿ ಒಂದನ್ನುಳಿದು ಮಿಕ್ಕವೆಲ್ಲವೂ ಕ್ರಿಯಾಪದಗಳು. ಇದು ಕವಿಯ ಇಚ್ಛೆಯಲ್ಲ, ಭಾಷೆಯ ಸ್ವಭಾವ. ಕನ್ನಡದ ವಾಕ್ಯವು ಕ್ರಿಯಾಪದದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯು ಅದಕ್ಕೇ ಮೀಸಲು. ಹತ್ತನೆಯ ತರಗತಿಯ ಹುಡುಗನು ಇಂಗ್ಲಿಷ್ ವಾಕ್ಯದ ನಡುವೆ ಕ್ರಿಯಾಪದವನ್ನು ಮರೆತು, ಎಲ್ಲ ಮುಗಿದ ಮೇಲೆ ಅದನ್ನು ತಂದು ಅಂಟಿಸುವುದು ಇದೇ ಕಾರಣದಿಂದ. ಅವನದು ದಡ್ಡತನವಲ್ಲ, ತಾಯ್ನುಡಿಯ ಅಭ್ಯಾಸ.

ಕಾಲದ ವಿಷಯವು ಇನ್ನೂ ಸ್ವಾರಸ್ಯವಾಗಿದೆ. ನ್ಯಾಷನ ಹಾಡೆಲ್ಲ ವರ್ತಮಾನಕಾಲದಲ್ಲಿ ನಡೆಯುವುದು. ಶ್ರೀಕಂಠಯ್ಯನವರ ವಸಂತನಾದರೋ ಭೂತಕಾಲದಲ್ಲಿ ಬರುವನು. ಭಾಷಾಂತರಕಾರರು ತಪ್ಪಿದರೆ? ಇಲ್ಲ. ಕೊಟ್ಟೂರಿನ ನಿಲ್ದಾಣದಲ್ಲಿ ಕಾದು ನಿಂತವರು, ದೂರದ ತಿರುವಿನಲ್ಲಿ ಧೂಳು ಕಂಡೊಡನೆ 'ಬಸ್ಸು ಬಂತು' ಎಂದು ಗಂಟುಮೂಟೆ ಎತ್ತಿಕೊಳ್ಳುವರು. ಬಸ್ಸು ಇನ್ನೂ ಬಂದಿಲ್ಲ. ಕಣ್ಣೆದುರಿಗೆ ಸಂಭವಿಸುತ್ತಿರುವುದರ ಸಡಗರವನ್ನು ಇಂಗ್ಲಿಷ್ ವರ್ತಮಾನದಿಂದ ಹೇಳಿದರೆ ಕನ್ನಡವು ಭೂತದಿಂದ ಹೇಳುವುದು. ಕಾಲರೂಪಗಳ ಕೋಷ್ಟಕವನ್ನು ಹತ್ತು ಸಲ ಬರೆಯಿಸಿದರೂ ಹೊಳೆಯದ ಈ ಭೇದವು ಒಂದು ಪದ್ಯವನ್ನು ಮೂಲದೊಡನೆ ಇಟ್ಟು ಓದಿದರೆ ಹೊಳೆಯುವುದು.

ಕಡೆಯ ಪದ್ಯದಲ್ಲಿ ಇಂಗ್ಲೆಂಡಿನ ಹುಲ್ಲುಗಾವಲಿನ ಡೇಸಿ ಹೂಗಳು ನಡೆಯುವವರ ಪಾದವನ್ನು ಮುದ್ದಿಡುತ್ತವೆ. ಕನ್ನಡದಲ್ಲಿ ಅವುಗಳ ಸ್ಥಾನಕ್ಕೆ ಮಲ್ಲಿಗೆ ಬಂದಿದೆ, ಜೊತೆಗೆ ಮಾವು. ಹಡಗಲಿಯ ಮಲ್ಲಿಗೆಯನ್ನು ಬಲ್ಲವರಿಗೆ ಇದರಿಂದಾಗುವ ಹರ್ಷವನ್ನು ಹೇಳಬೇಕಾಗಿಲ್ಲ. ಆದರೆ ಕಳೆದುದೇನೆಂಬುದನ್ನೂ ಎಣಿಸಬೇಕು. ಮಲ್ಲಿಗೆಯು ಮುಡಿಗೂ ದೇವರಿಗೂ ಸಲ್ಲುವ ಹೂವು. ಅದನ್ನು ಪಾದದ ಬಳಿಗೆ ತರಲು ಕನ್ನಡಿಗನ ಮನಸ್ಸು ಒಪ್ಪದು. ಆದುದರಿಂದ ಮೂಲದ ಸ್ಪರ್ಶಸುಖವು ಇಲ್ಲಿ ಪರಿಮಳವಾಗಿ ಮಾರ್ಪಟ್ಟಿದೆ. ಅಂತೆಯೇ ಬಿಸಿಲಿಗೆ ಕುಳಿತ ಮುದುಕಿಯರು ಹೋಗಿ ಜಾತ್ರೆಯ ಗುಂಪು ಬಂದಿದೆ. ಮಾಘದಲ್ಲಿ ಕೊಟ್ಟೂರೇಶ್ವರನ ತೇರನ್ನೂ ಮೈಲಾರದ ಕಾರಣಿಕವನ್ನೂ ನೋಡಿ ಬಂದ ಹುಡುಗರಿಗೆ ಜಾತ್ರೆಯು ಸುಲಭವಾಗಿ ತಿಳಿಯುವುದು. ವಯಸ್ಸಾದವರು ಬಿಸಿಲನ್ನು ಹುಡುಕಿಕೊಂಡು ಹೋಗಿ ಕೂರುವ ದೇಶವೊಂದುಂಟೆಂಬುದು, ಚೈತ್ರದಲ್ಲಿಯೇ ನೆರಳನ್ನು ಹುಡುಕುವ ಕೂಡ್ಲಿಗಿಯವರಿಗೆ, ಉಪಾಧ್ಯಾಯನು ಹೇಳಿದ ಹೊರತು ತಿಳಿಯದು. ಭಾಷಾಂತರವು ಹತ್ತಿರ ತಂದುದನ್ನು ಅವನು ಮತ್ತೆ ದೂರಕ್ಕೆ ಒಯ್ದು ತೋರಿಸಬೇಕು.

ದೋಷಗಳೂ ಇಲ್ಲದಿಲ್ಲ. ಮೊದಲ ಪದ್ಯದಲ್ಲಿ ಬಾಲೆಯರು ವರ್ತುಲವಾಗಿ ಕುಣಿಯುವ ಚಿತ್ರವು ಪ್ರಾಸದ ಒತ್ತಡಕ್ಕೆ ಸಿಕ್ಕಿ ಅಳಿಸಿಹೋಗಿದೆ. ಕೋಲಾಟವೂ ಸುತ್ತುಕುಣಿತವೂ ಇರುವ ನಾಡಿನಲ್ಲಿ ಇದು ಆಗಬಾರದಿತ್ತು. ಹೊಸಗನ್ನಡದ ನಡುವೆ ಒಮ್ಮೆಗೇ ತಲೆಯೆತ್ತುವ ಪಕಾರದ ಹಳಗನ್ನಡ ರೂಪವು ಕಿವಿಗೆ ತೊಡಕು. ಹಕ್ಕಿಗಳ ಕೂಗನ್ನಂತೂ ಶ್ರೀಕಂಠಯ್ಯನವರು ಇಂಗ್ಲಿಷಿನಲ್ಲಿದ್ದಂತೆಯೇ ಕನ್ನಡ ಲಿಪಿಯಲ್ಲಿ ಇಳಿಸಿರುವರು. ಹೂವನ್ನು ಬದಲಿಸಿದವರು ಹಕ್ಕಿಯನ್ನೇಕೆ ಬದಲಿಸಲಿಲ್ಲ? ಮಾವಿನ ಕೊಂಬೆಯ ಮೇಲೆ ಕುಳಿತು ಇಂಗ್ಲೆಂಡಿನ ನೈಟಿಂಗೇಲ್ ಕೂಗುವುದು ವಿಚಿತ್ರವೇ ಸರಿ. ಆ ವಿಚಿತ್ರದಲ್ಲಿ ಮಕ್ಕಳಿಗೆ ಮೋಜು ಉಂಟೆಂದು ಸಮಾಧಾನ ಹೇಳಬಹುದು, ಉತ್ತರವಾಗಲಾರದು.

ಇನ್ನು ಲಯ. ಮೊದಲ ಪದ್ಯದಲ್ಲಿ ನ್ಯಾಷನ ಪ್ರಾಸಪದಗಳು ಒಂದೊಂದೇ ಉಚ್ಚಾರಾಂಶದವು, ವ್ಯಂಜನಾಂತ್ಯಗಳು. ಕನ್ನಡದ ನಾಲಗೆಯು ಅವುಗಳ ಕೊನೆಗೆ ಉಕಾರವನ್ನೂ, ಒತ್ತಕ್ಷರದ ಮೊದಲಿಗೆ ಇಕಾರವನ್ನೂ ಸೇರಿಸಿ, ಒಂದು ಪೆಟ್ಟಿನ ಪದವನ್ನು ಮೂರು ಪೆಟ್ಟಿನದಾಗಿ ಮಾಡುವುದು; ಇಸ್ಕೂಲು ಎಂಬ ಮಾತನ್ನು ಕೇಳದವರಾರು? ಶ್ರೀಕಂಠಯ್ಯನವರು ಇದನ್ನು ಬಲ್ಲವರಾದುದರಿಂದ, ಮೊದಲನೆಯದು ಗುರು ಎರಡನೆಯದು ಲಘು ಆಗುವ ಎರಡಕ್ಷರದ ಪದಗಳನ್ನು ಪ್ರಾಸಸ್ಥಾನದಲ್ಲಿಟ್ಟರು. ಭಾರವು ಮೊದಲ ಅಕ್ಷರದ ಮೇಲೆ ಬಿದ್ದು ಸ್ವರವು ಮೆಲ್ಲನೆ ಜಾರಿಹೋಗುವುದು. ಮಾತ್ರೆಯನ್ನು ಎಣಿಸುವ ಕಿವಿಗೆ ಒತ್ತನ್ನು ಎಣಿಸುವ ಭಾಷೆಯನ್ನು ಕೇಳಿಸುವ ಉಪಾಯವಿದು. ಧ್ವನಿವಿಜ್ಞಾನದ ಚಿಹ್ನೆಗಳನ್ನು ಉರುಹೊಡೆದವನಿಗಿಂತ, ಈ ಎರಡು ಪದ್ಯಗಳನ್ನೂ ಕೈತಟ್ಟಿ ಓದಬಲ್ಲವನು ಹಗರಿಬೊಮ್ಮನಹಳ್ಳಿಯ ತರಗತಿಯಲ್ಲಿ ಹೆಚ್ಚು ಕೆಲಸ ಮಾಡಿಯಾನು.

ಇಂಗ್ಲಿಷನ್ನು ಭಾಷಾಂತರದಿಂದ ಕಲಿಸಬಾರದೆಂದು ಬೋಧನಕ್ರಮದವರು ಆಕ್ಷೇಪಿಸಬಹುದು. ಸಾಲಿಗೆ ಸಾಲು ಕನ್ನಡ ಹೇಳಿ ಗಂಟೆ ಕಳೆಯುವ ಪಾಠವನ್ನು ಕಂಡವರು ಆ ಆಕ್ಷೇಪವನ್ನು ಅಲ್ಲಗಳೆಯಲಾರರು. ಆದರೆ ಇಲ್ಲಿ ಹೇಳಿದುದು ಕಪ್ಪುಹಲಗೆಗಲ್ಲ, ಉಪಾಧ್ಯಾಯನ ಓದುವ ಮೇಜಿಗೆ. ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ಬೀchi ಅವರು ಇಂಗ್ಲಿಷಿನ ವ್ಯಾಮೋಹದಲ್ಲಿ ಕನ್ನಡವನ್ನು ಕಡೆಗಣಿಸಿದ್ದು, ಅ. ನ. ಕೃಷ್ಣರಾಯರ 'ಸಂಧ್ಯಾರಾಗ'ವನ್ನು ಓದಿದ ಮೇಲೆ ಮನಸ್ಸು ತಿರುಗಿಸಿದುದು ಪ್ರಸಿದ್ಧವಾಗಿದೆ. ಇಂಗ್ಲಿಷ್ ಬಲ್ಲವನೆನಿಸಿಕೊಳ್ಳಲು ಕನ್ನಡದ ಬಗೆಗೆ ನಾಚಬೇಕೆಂಬ ಭಾವನೆಯು ಈ ಸೀಮೆಯ ತರುಣರಲ್ಲಿ ಇಂದಿಗೂ ಅಳಿದಿಲ್ಲ. ಅಂತಹವನು ತರಗತಿಗೆ ಹೋದರೆ, ಮೊದಲ ದಿನವೇ ನಲವತ್ತು ಮಕ್ಕಳಿಗೆ ಆ ನಾಚಿಕೆಯನ್ನು ಹಂಚಿ ಬರುವನು.