ಗಡಿಯ ಈಚೆಯಿಂದ ಕೆ.ಪಿ. ರಾವ್ ಕೀಲಿಮಣೆ

ಮಹಾರಾಷ್ಟ್ರದ ನಮ್ಮ ಕೊಲ್ಲಾಪುರ ಜಿಲ್ಲೆಯ ಊರು ‘ಇಚಲಕರಂಜಿ’ಯ ಹೆಸರು ಮೂಡಿಸಲು, ಗಣಕಕ್ಕೆಂದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಎಂಟು ಕೀಲಿ ಒತ್ತಿದರೆ ಸಾಕು: ಐ, ಸಿ, ಎಲ್, ಕೆ, ಆರ್, ಶಿಫ್ಟ್ ಹಿಡಿದು ಎಂ, ಜೆ, ಮತ್ತೆ ಐ. ಮೊದಲ ಐ ಒತ್ತಿದಾಗ ‘ಇ’ ಮೂಡುತ್ತದೆ. ಕೊನೆಯ ಐ ‘ಜ’ಕ್ಕೆ ಗುಡಿಸಾಗಿ ಕೂಡಿಕೊಳ್ಳುತ್ತದೆ. ಹಿಂದೆ ವ್ಯಂಜನ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು ಗಣಕದ ಕೆಲಸ, ನಮ್ಮದಲ್ಲ. ಒತ್ತಕ್ಷರಕ್ಕೂ ಇದೇ ಜಾಣತನ: ‘ಅಕ್ಕ’ ಬೇಕಿದ್ದರೆ ಎರಡು ಕೆ ನಡುವೆ ಒಂದು ಎಫ್. ಹಳೆಯ ಬೆರಳಚ್ಚು ಯಂತ್ರದಲ್ಲಿ ಗುಡಿಸು, ಕೊಂಬು, ಒತ್ತುಗಳನ್ನು ಕೈಯಾರೆ ಜೋಡಿಸಬೇಕಿತ್ತು. ರಾಯರು ಕಾಗುಣಿತವನ್ನೇ ಪ್ರೋಗ್ರಾಮಿಗೆ ಕಲಿಸಿಬಿಟ್ಟರು.

1940ರಲ್ಲಿ ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಮುಂದೆ ಮೊನೋಟೈಪ್ ಕಂಪನಿಯಲ್ಲಿ ದುಡಿದವರು. ಅಚ್ಚುಮೊಳೆಯ ಲೋಕವನ್ನೂ ಗಣಕವನ್ನೂ ಒಟ್ಟಿಗೆ ಬಲ್ಲವರು ಆಗ ಎಷ್ಟು ಮಂದಿ ಇದ್ದರು? ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು, ಅದನ್ನು ಪುಕ್ಕಟೆಯಾಗಿ ಹಂಚಿದರು. ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಕಚೇರಿ ಕಚೇರಿಗೂ ಮುಟ್ಟಿಸಿತು. ಜನ ಈಗ ಅದನ್ನು ನುಡಿ ಕೀಲಿಮಣೆ ಎಂದೇ ಕರೆಯುತ್ತಾರೆ. ಮಾಡಿದವರ ಹೆಸರು ಹಿಂದೆ ಸರಿದದ್ದು ನ್ಯಾಯವಲ್ಲ.

ಆದರೆ ಅದೇ ಜಿಲ್ಲೆಯ ‘ಗಡಹಿಂಗ್ಲಜ’ ಬರೆಯಲು ಕೂತವರು ಎರಡನೇ ಅಕ್ಷರಕ್ಕೇ ತಡವರಿಸುತ್ತಾರೆ. ‘ಡ’ ಇರುವುದು ಡಿ ಕೀಲಿಯಲ್ಲಲ್ಲ, ಡಬ್ಲ್ಯೂನಲ್ಲಿ. ಡಿ ಆಗಲೇ ‘ದ’ಕ್ಕೆ ಹೋಗಿದೆ. ‘ಟ’ ಹೋಗಿ ಕ್ಯೂನಲ್ಲಿ ಕೂತಿದೆ. ಉಚ್ಚಾರಣೆಯ ಹೋಲಿಕೆ ಹಿಡಿದು ಹೊರಟ ವಿನ್ಯಾಸಕ್ಕೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಸಾಲಲಿಲ್ಲ. ಇಂಗ್ಲಿಷ್ ಕೀಲಿ ಬಲ್ಲ ಗುಮಾಸ್ತರಿಗೆ ಇದು ಸಣ್ಣ ತೊಡಕು, ವಾರದಲ್ಲಿ ಕೈ ಕೂಡುತ್ತದೆ.

ನಮ್ಮ ಕಡೆಯ ತೊಡಕು ಬೇರೆ. ಗಡಹಿಂಗ್ಲಜ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಾಗದಪತ್ರ ಮರಾಠಿ; ಒಂದೇ ಕೈ ಎರಡನ್ನೂ ಬರೆಯಬೇಕು. 1986ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಮರಾಠಿಯ ‘ಮ’ ಎಲ್ಲಿದೆಯೋ ಕನ್ನಡದ ‘ಮ’ವೂ ಅಲ್ಲೇ: ಸಿ ಕೀಲಿಯಲ್ಲಿ. ‘ಪ’ ಎರಡಕ್ಕೂ ಎಚ್‌ನಲ್ಲಿ. ಸ್ವರ ಬಹುಪಾಲು ಎಡಗೈಗೆ, ವ್ಯಂಜನ ಬಹುಪಾಲು ಬಲಗೈಗೆ. ಒಮ್ಮೆ ಮರಾಠಿ ಕಲಿತ ಬೆರಳು ಹೊಸದಾಗಿ ಹೆಚ್ಚೇನೂ ಕಲಿಯದೆ ಕನ್ನಡ ಬರೆಯುತ್ತದೆ. ಕೊಲ್ಲಾಪುರದ ಕನ್ನಡಿಗರಿಗೆ ಈ ಲಾಭವನ್ನು ರಾಯರ ಕೀಲಿಮಣೆ ಕೊಡಲಾರದು. ಅದು ಕನ್ನಡವನ್ನು ಇಂಗ್ಲಿಷಿಗೆ ಜೋಡಿಸಿತೇ ಹೊರತು ನೆರೆಯ ಮರಾಠಿಗಲ್ಲ.

ಹಾಗೆಂದು ಇನ್‌ಸ್ಕ್ರಿಪ್ಟ್ ದೋಷವಿಲ್ಲದ್ದೇನಲ್ಲ. ಅಲ್ಲಿ ಬಿಡಿ ‘ಇ’ಗೆ ಶಿಫ್ಟ್ ಹಿಡಿದು ಎಫ್, ಗುಡಿಸಿಗೆ ಬರೀ ಎಫ್. ಯಾವುದು ಎಲ್ಲಿ ಎಂದು ಬರೆಯುವವರೇ ನೆನಪಿಡಬೇಕು. ರಾಯರು ಗಣಕಕ್ಕೆ ಒಪ್ಪಿಸಿದ್ದ ಕೆಲಸ ಇಲ್ಲಿ ಮತ್ತೆ ಬೆರಳಿಗೇ ಬಂತು. ಪ್ರೋಗ್ರಾಮಿನ ಕಸುಬಿನಲ್ಲಿ ರಾಯರೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಗಡಿಯ ಶಾಲೆಯ ಮಕ್ಕಳಿಗೆ ಯಾವುದನ್ನು ಕಲಿಸಬೇಕು ಎಂದು ಕೇಳಿದರೆ ಇನ್‌ಸ್ಕ್ರಿಪ್ಟ್ ಎನ್ನುತ್ತೇನೆ. ರಾಯರ ಸ್ವರದ ಉಪಾಯವನ್ನು ಅದಕ್ಕೆ ಸೇರಿಸಿಕೊಡುವ ಕೆಲಸವನ್ನು ನಮ್ಮ ಕನ್ನಡ ತಂತ್ರಾಂಶದವರು ಇನ್ನಾದರೂ ಕೈಗೆತ್ತಿಕೊಳ್ಳಲಿ.