ಒಬ್ಬ ಶಸ್ತ್ರವೈದ್ಯನ ಸೆರೆವಾಸದ ದಿನಚರಿ

ಆಸ್ಟ್ರೇಲಿಯದ ಶಸ್ತ್ರವೈದ್ಯ ಎಡ್ವರ್ಡ್ ಡನ್‌ಲಪ್ (1907–1993) ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿದ್ದು ಬರೆದಿಟ್ಟ ದಿನಚರಿಯು 1986ರಲ್ಲಿ ಗ್ರಂಥರೂಪವನ್ನು ತಳೆಯಿತು. ಯುದ್ಧವು ಮುಗಿದು ಆಗಲೇ 41 ವರ್ಷಗಳು ಸಂದಿದ್ದುವು. ವೀರಚರಿತವನ್ನು ನಿರೀಕ್ಷಿಸಿ ಈ ಹೊತ್ತಗೆಯನ್ನು ತೆರೆಯುವ ವಾಚಕರಿಗೆ ಮೊದಲು ನಿರಾಶೆಯೇ ಕಾದಿದೆ. ಅತಿಸಾರದವರು ಎಷ್ಟು ಮಂದಿ, ವಿಷಮಜ್ವರದವರು ಎಷ್ಟು ಮಂದಿ, ಅಕ್ಕಿ ಎಷ್ಟು ಬಂದಿತು, ಎಷ್ಟು ಮಂದಿ ತೀರಿಕೊಂಡರು, ಹೀಗೆ ಪುಟಪುಟಗಳಲ್ಲಿಯೂ ಲೆಕ್ಕ.

ಡನ್‌ಲಪ್ ಮಹಾಶಯನು 1942ರ ಮಾರ್ಚಿಯಲ್ಲಿ ಜಾವಾದ್ವೀಪದ ಬಂಡುಂಗಿನಲ್ಲಿ, ತಾನು ನಡೆಸುತ್ತಿದ್ದ ಆಸ್ಪತ್ರೆಯೊಡನೆಯೇ ಸೆರೆಸಿಕ್ಕಿದನು. ಮರುವರ್ಷದ ಜನವರಿಯಲ್ಲಿ ಸುಮಾರು 1,000 ಸೆರೆಯಾಳುಗಳ ಮುಖಂಡನಾಗಿ ತಾಯ್ಲೆಂಡಿನ ಅರಣ್ಯವನ್ನು ಹೊಕ್ಕನು. ಅಲ್ಲಿಂದ ಬರ್ಮಾದೇಶಕ್ಕೆ 415 ಕಿಲೋಮೀಟರುಗಳ ರೈಲುಮಾರ್ಗವನ್ನು ಜಪಾನೀಯರು ಸುಮಾರು ಒಂದೇ ವರ್ಷದಲ್ಲಿ, 1943ರ ಅಕ್ಟೋಬರಿನೊಳಗೆ, ಹಾಕಿಸಿದರು. ದುಡಿಸಲ್ಪಟ್ಟ ಮಿತ್ರಪಕ್ಷದ ಸೆರೆಯಾಳುಗಳು 60,000ಕ್ಕೂ ಹೆಚ್ಚು. ಸತ್ತವರು 12,000ಕ್ಕೂ ಹೆಚ್ಚು.

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಚರಕನು ಹೇಳಿದ್ದಾನೆ. ಹಿಂಟೋಕಿನ ಶಿಬಿರದಲ್ಲಿ ಎರಡನೆಯ ಪಾದವು ಮುರಿದುಬಿದ್ದಿತ್ತು. ವಿಷೂಚಿಕೆಯು ಹಬ್ಬಿದಾಗ ಬಟ್ಟಿಯಿಳಿಸಿದ ನೀರಿಗೆ ಅಡಿಗೆಯ ಉಪ್ಪನ್ನು ಬೆರಸಿ, ಬಿದಿರಿನ ಕೊಳವಿಗಳ ಮೂಲಕ ರೋಗಿಗಳ ರಕ್ತನಾಳಕ್ಕೆ ಹಾಯಿಸಿದರು. ಕಾಲಿನ ಹುಣ್ಣುಗಳ ಕೊಳೆಯನ್ನು ಚಮಚದಿಂದ ಕೆರೆದು ತೆಗೆದರು. ಅದಕ್ಕೂ ಬಗ್ಗದಿದ್ದರೆ ಕಾಲನ್ನೇ ಕತ್ತರಿಸಬೇಕಾಯಿತು. ಅಧಿಕಾರಿಗಳಿಗೆ ಬರುತ್ತಿದ್ದ ಅಲ್ಪ ವೇತನವನ್ನು ಒಟ್ಟುಗೂಡಿಸಿ ರೋಗಿಗಳಿಗೆ ಬಾತುಕೋಳಿಯ ಮೊಟ್ಟೆಗಳನ್ನು ಕೊಂಡರು. ಇದಕ್ಕೆ ಎಲ್ಲ ಅಧಿಕಾರಿಗಳೂ ಸಂತೋಷದಿಂದ ಒಪ್ಪಲಿಲ್ಲವೆಂಬುದನ್ನು ದಿನಚರಿಯು ಮರೆಮಾಚುವುದಿಲ್ಲ. ಮರೆಮಾಚಿದ್ದರೆ ಅದರ ಮಾತಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ.

ಆದರೆ ಚರಕನ ಎಣಿಕೆಗೆ ಬಾರದ ಐದನೆಯ ಪಾದವೊಂದು ಅಲ್ಲಿತ್ತು. ಅದು ಬೆಳಗಾಗುತ್ತಲೇ ಇಂದು ಇಷ್ಟು ಆಳು ಬೇಕೆಂದು ಕೇಳುವ ಜಪಾನಿ ಯಂತ್ರಶಿಲ್ಪಿ. ಆರೋಗ್ಯವಂತರು ಸಾಲದಿದ್ದಾಗ ರೋಗಿಗಳಲ್ಲಿ ಯಾರು ಕೆಲಸಕ್ಕೆ ಹೋಗತಕ್ಕವರೆಂದು ಆರಿಸುವ ಹೊರೆ ವೈದ್ಯನ ಮೇಲೆಯೇ ಬೀಳುತ್ತಿತ್ತು. ರೋಗಿಗಳನ್ನು ಉಳಿಸಲು ಆತನು ಹೋರಾಡಿದನು, ಏಟು ತಿಂದನು. ಆದರೂ ಕೆಲವರನ್ನು ಕಳುಹಿಸದೆ ವಿಧಿಯಿರಲಿಲ್ಲ. ಗ್ರಂಥದ ನಿಜವಾದ ವಸ್ತುವು ಇದೇ. ಇದನ್ನು ಗ್ರಹಿಸಿದ ಮೇಲೆ ಅಂಕಿಗಳು ಬೇರೆಯಾಗಿ ಕಾಣತೊಡಗುತ್ತವೆ. ಒಂದೊಂದು ಅಂಕಿಯೂ ಒಂದೊಂದು ತೀರ್ಪು.

ಬರಿಯ ವರದಿಯನ್ನು ಭಾಮಹನು ವಾರ್ತೆಯೆಂದು ಕಾವ್ಯದಿಂದ ಹೊರಗಿಟ್ಟನು. ಇಲ್ಲಿರುವುದು ವಾರ್ತೆಯೇ ಸರಿ. ಆದರೂ ಕರುಣವು ಒಸರುತ್ತದೆ. ಬರೆಯುವವನಿಗೆ ಅಳಲು ಸಮಯವಿಲ್ಲವೆಂಬುದೇ ಇಲ್ಲಿಯ ವಿಭಾವ. ಅದೇ ಶಿಬಿರಗಳಲ್ಲಿದ್ದ ನಾವಿಕ ರೇ ಪಾರ್ಕಿನ್ 1963ರಲ್ಲಿ ಪ್ರಕಟಿಸಿದ ‘ಇನ್‌ಟು ದಿ ಸ್ಮದರ್’ ಎಂಬ ಗ್ರಂಥದಲ್ಲಿ ಬಿದಿರುಂಟು, ಚಿಟ್ಟೆಯುಂಟು, ಮಳೆಗಾಲದ ಕಾಡಿನ ಚೆಲುವೂ ಉಂಟು. ಬರೆವಣಿಗೆಯಲ್ಲಿ ಪಾರ್ಕಿನ್ನನೇ ಮೇಲು. ಆತನ ಚಿತ್ರಗಳನ್ನು ತನ್ನ ಕಾಗದಗಳೊಡನೆ ಅಡಗಿಸಿಟ್ಟು ಕಾಪಾಡಿದವನು ಡನ್‌ಲಪ್ ಎಂಬುದನ್ನು ಕೂಡ ಇಲ್ಲಿಯೇ ಹೇಳಬೇಕು.

ದಿನಚರಿಯ ದೊಡ್ಡ ಕೊರತೆ ಬೇರೆಯಿದೆ. ಮಲಯದ ತೋಟಗಳಿಂದ ತಂದ ತಮಿಳರು, ಬರ್ಮೀಯರು, ಜಾವಾದವರು ಸೇರಿ ಸುಮಾರು 2 ಲಕ್ಷ ಕೂಲಿಗಳು ಅದೇ ಮಾರ್ಗದಲ್ಲಿ ದುಡಿದರು. ಅವರಲ್ಲಿ ಮಡಿದವರು 75,000ಕ್ಕೂ ಮಿಗಿಲೆಂದು ಇತಿಹಾಸಕಾರರ ಅಂದಾಜು. ಸೈನಿಕರಿಗಿದ್ದಂತೆ ತಮ್ಮವರೇ ಆದ ವೈದ್ಯರಾಗಲಿ, ಪರವಾಗಿ ವಾದಿಸುವ ಅಧಿಕಾರಿಗಳಾಗಲಿ ಅವರಿಗಿರಲಿಲ್ಲ. ದಿನಚರಿ ಬರೆಯುವವರಂತೂ ಇಲ್ಲವೇ ಇಲ್ಲ. ಡನ್‌ಲಪ್‌ನ ಪುಟಗಳಲ್ಲಿ ಅವರು ಬರುತ್ತಾರೆ, ಆದರೆ ಅಂಚಿನಲ್ಲಿ ಮಾತ್ರ. ತನ್ನ ಸಾವಿರ ಮಂದಿಯನ್ನು ಉಳಿಸಲು ಹೆಣಗುತ್ತಿದ್ದವನ ಮೇಲೆ ಇದನ್ನು ದೋಷವಾಗಿ ಹೊರಿಸುವುದು ನ್ಯಾಯವಲ್ಲ. ಆದರೆ ಈ ಒಂದು ಗ್ರಂಥದಿಂದಲೇ ಆ ರೈಲುಮಾರ್ಗದ ಕಥೆಯನ್ನು ತಿಳಿಯುವ ವಾಚಕನು ಸತ್ತವರಲ್ಲಿ ಹೆಚ್ಚು ಮಂದಿಯನ್ನು ಕಾಣದೆಯೇ ಹೋಗುವನು.

ಆತನ ಉತ್ತರಜೀವನವು ಈ ಕೊರತೆಗೆ ಟಿಪ್ಪಣಿಯಂತಿದೆ. ಏಷ್ಯದವರು ಬಂದು ನೆಲಸದಂತೆ ಆಸ್ಟ್ರೇಲಿಯವು 1901ರಲ್ಲಿ ಮಾಡಿದ್ದ ಕಾನೂನಿನ ನೀತಿಯು ಪೂರ್ತಿಯಾಗಿ ತೊಲಗಿದುದು 1973ರಲ್ಲಿ. ಅದಕ್ಕೆ ಮುಂಚೆ, 1951ರಲ್ಲಿ ಮೊದಲಾದ ಕೊಲಂಬೊ ಯೋಜನೆಯಿಂದ ಏಷ್ಯದ ವಿದ್ಯಾರ್ಥಿಗಳು ಆ ದೇಶಕ್ಕೆ ಬರುತ್ತಿದ್ದರು. ಓದು ಮುಗಿದೊಡನೆ ಹಿಂದಿರುಗಬೇಕೆಂಬ ಕಟ್ಟಳೆಯಿತ್ತು. ಡನ್‌ಲಪ್ ಆ ಯೋಜನೆಯ ಪರವಾಗಿ 1956ರಲ್ಲಿ ತಾಯ್ಲೆಂಡಿಗೂ ಸಿಂಹಳಕ್ಕೂ, 1960ರ ದಶಕದಲ್ಲಿ ಭಾರತಕ್ಕೂ ಬಂದನು. ವಿಕ್ಟೋರಿಯದ ಆಸ್ಟ್ರೇಲಿಯ–ಏಷ್ಯ ಸಂಘದ ಅಧ್ಯಕ್ಷನಾಗಿ ವಿದ್ಯಾರ್ಥಿಗಳಿಗೂ ವಲಸೆ ಬಂದವರಿಗೂ ಆತ್ಮೀಯನಾದನು. ಇದನ್ನು ಪ್ರಾಯಶ್ಚಿತ್ತವೆಂದು ಕರೆಯುವುದು ಉತ್ಪ್ರೇಕ್ಷೆಯಾದೀತು. ಅಂಚಿನಲ್ಲಿದ್ದವರು ಆತನ ಕಣ್ಣಿಗೆ ಕ್ರಮೇಣ ನಡುವಿಗೆ ಬಂದರೆನ್ನಬಹುದು, ಅಷ್ಟೆ.

ಈ ದಿನಚರಿಯನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಪುನರುಕ್ತಿಯೆಂದು ಭಾವಿಸಿ ರೋಗಿಗಳ ಪಟ್ಟಿಗಳನ್ನು ಕೈಬಿಡಬಾರದು. ಪೀಠಿಕೆಯಲ್ಲಿ ಆ ತಮಿಳು ಕೂಲಿಗಳ ಕಥೆಯನ್ನು ವಿಸ್ತಾರವಾಗಿ ಸೇರಿಸಬೇಕು.